ಕಾಲುದಾರಿಗೂ ಒಂದು ಕರಡು ಬೇಕು

ಪಶ್ಚಿಮಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ನಕ್ಷೆಗೆ ಆರು ಸಲ ಕರಡು ಬಂತು. ಮಲೆನಾಡು ಆರು ಸಲವೂ ‘ಬೇಡ’ ಎಂದಿತು. ಆದರೂ ನಕ್ಷೆಯಲ್ಲಿ ಕರ್ನಾಟಕದ ಗೆರೆ ಕದಲಲಿಲ್ಲ. ಆಕ್ಷೇಪಣೆ ಎಂಬುದು ಎಲ್ಲಿ ಕೆಲಸ ಮಾಡುತ್ತದೆ, ಎಲ್ಲಿ ಕಡತ ಸೇರುತ್ತದೆ?

ಹಳೇ ಗ್ರಾಮ ನಕಾಶೆ ಬಿಡಿಸಿ ನೋಡಿದವರಿಗೆ ಗೊತ್ತು: ಎರಡು ತುಂಡುಗೆರೆ ಜೊತೆಯಾಗಿ ಸಾಗಿದರೆ ಅದು ಬಂಡಿದಾರಿ, ಒಂಟಿಯಾಗಿ ಸಾಗಿದರೆ ಕಾಲುದಾರಿ. ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಊರು ಎಂದರೆ ಒಂದು ಕಡೆ ಗುಂಪಾಗಿ ನಿಂತ ಮನೆಗಳಲ್ಲ. ಇಲ್ಲೊಂದು ಮನೆ, ಹಳ್ಳದಾಚೆ ಇನ್ನೊಂದು, ಗುಡ್ಡದ ಬುಡದಲ್ಲಿ ಮತ್ತೆರಡು. ಅವನ್ನು ಊರಾಗಿಸಿರುವುದೇ ಈ ಒಂಟಿ ಗೆರೆಗಳು. ದಣಪೆ ಸರಿಸಿ, ತೋಟದ ನಡುವೆ ಹಾದು, ಕಾಲುಸಂಕ ದಾಟಿ, ಯಾರದೋ ಅಂಗಳದ ಮೂಲೆ ಬಳಸಿ ಶಾಲೆಗೋ ಡೇರಿಗೋ ಬಸ್ಸಿಗೋ ಹೋಗುವ ದಾರಿ ಅದು.

ಆದರೆ ನೆಲದ ಮೇಲಿರುವ ಎಲ್ಲ ದಾರಿಯೂ ನಕಾಶೆಯಲ್ಲಿಲ್ಲ. ಸಾಗರದಿಂದ ವರದಹಳ್ಳಿಗೆ ಬರುವ ಭಕ್ತರು ಡಾಂಬರು ರಸ್ತೆಯಲ್ಲಿ ಬಂದು ಮೆಟ್ಟಿಲು ಹತ್ತಿ ಶ್ರೀಧರಾಶ್ರಮ ಸೇರುತ್ತಾರೆ. ಆ ದಾರಿಯ ಬಗ್ಗೆ ಯಾರಿಗೂ ತಕರಾರಿಲ್ಲ. ತಕರಾರು ಇರುವುದು ಇಂಥ ಊರುಗಳ ಹಿತ್ತಲಿನಿಂದ ಸೊಪ್ಪಿನಬೆಟ್ಟಕ್ಕೆ, ಬೆಟ್ಟದಿಂದ ಕಾನಿಗೆ, ಕಾನಿನಿಂದ ಆಚೆ ಊರಿಗೆ ಹೋಗುವ ದಾರಿಗಳ ಬಗ್ಗೆ. ತೋಟ ಕೈ ಬದಲಾಗಿ ಹೊಸ ಯಜಮಾನರು ಬೇಲಿ ಹಾಕಿದಾಗ, ಅರಣ್ಯ ಇಲಾಖೆ ಅಗಳ ಹೊಡೆಸಿದಾಗ, ಅಭಯಾರಣ್ಯದ ಗಡಿ ಹಿಗ್ಗಿದಾಗ ಈ ದಾರಿಗಳಿಗೆ ಸಾಕ್ಷಿ ಹೇಳುವವರು ಸಿಗುವುದಿಲ್ಲ. ನಡೆಯುವವರ ನೆಲ ಯಾವುದು ಎಂದು ಗುರುತಿಸಿ, ಕರಡು ನಕ್ಷೆ ಬರೆದು, ಜನರ ಮುಂದಿಟ್ಟು ‘ತಪ್ಪಿದ್ದರೆ ಹೇಳಿ’ ಎಂದು ಕೇಳುವ ಕ್ರಮ ನಮ್ಮಲ್ಲಿಲ್ಲ. ಬೇರೆ ಕಡೆ ಅದು ನಡೆದಿದೆ. ನಮ್ಮಲ್ಲೂ ಬೇರೆ ಕಾರಣಕ್ಕೆ ಕರಡು ನಕ್ಷೆಗಳು ಬಂದು ಹೋಗಿವೆ. ಎರಡನ್ನೂ ಎದುರುಬದುರು ಇಟ್ಟರೆ ಕಲಿಯುವುದಕ್ಕೆ ಸಾಕಷ್ಟಿದೆ.

ಒಂದೇ ಪ್ರಶ್ನೆ ಕೇಳಿದ ಇಂಗ್ಲೆಂಡ್

1932ರ ಏಪ್ರಿಲ್ 24ರಂದು ಮ್ಯಾಂಚೆಸ್ಟರ್ ಸುತ್ತಲಿನ ನೂರಾರು ಕಾರ್ಮಿಕರು ಕಿಂಡರ್ ಸ್ಕೌಟ್ ಎಂಬ ಗುಡ್ಡಕ್ಕೆ ಅನುಮತಿಯಿಲ್ಲದೆ ನುಗ್ಗಿದರು. ಜಮೀನ್ದಾರರು ಬೇಟೆಗಾಗಿ ಮೀಸಲಿಟ್ಟುಕೊಂಡಿದ್ದ ಬಯಲಿನಲ್ಲಿ ನಡೆದಾಡುವ ಹಕ್ಕು ಬೇಕೆಂಬುದು ಅವರ ಬೇಡಿಕೆ. ಕೆಲವರು ಜೈಲಿಗೂ ಹೋದರು. ಆ ಬೇಡಿಕೆ ಕಾನೂನಾಗಲು ಹೆಚ್ಚುಕಡಿಮೆ ಎಪ್ಪತ್ತು ವರ್ಷ ಹಿಡಿಯಿತು. 2000ನೇ ಇಸವಿಯ ಕಾಯ್ದೆಯೊಂದು ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಬೆಟ್ಟ, ಜೌಗು ಬಯಲು, ಕುರುಚಲು ಬಯಲು, ಸುಣ್ಣಕಲ್ಲಿನ ಹುಲ್ಲುಗುಡ್ಡ ಮತ್ತು ನೋಂದಾಯಿತ ಗೋಮಾಳಗಳಲ್ಲಿ ಯಾರು ಬೇಕಾದರೂ ನಡೆಯಬಹುದು ಎಂದಿತು.

ಹಾಗಾದರೆ ಯಾವ ನೆಲ ಬಯಲು, ಯಾವುದು ಅಲ್ಲ? ಅಲ್ಲಿಂದ ನಕ್ಷೆಯ ಕೆಲಸ ಶುರುವಾಯಿತು. ಇಂಗ್ಲೆಂಡನ್ನು ಎಂಟು ಭಾಗ ಮಾಡಿ, 2001ರ ಕೊನೆಯಿಂದ ಒಂದೊಂದೇ ಭಾಗದ ಕರಡು ನಕ್ಷೆ ಪ್ರಕಟಿಸಿದರು. ಅಭಿಪ್ರಾಯ ಹೇಳಲು ಮೂರು ತಿಂಗಳ ಅವಕಾಶ. ಯಾರು ಬೇಕಾದರೂ ಬರೆಯಬಹುದಿತ್ತು, ಆದರೆ ಬರೆಯಬೇಕಾದದ್ದು ಒಂದೇ ವಿಷಯ: ಈ ತುಂಡು ನೆಲ ಕಾಯ್ದೆ ಹೇಳುವ ಬಯಲು ಹೌದೋ ಅಲ್ಲವೋ. ‘ನಮ್ಮ ಹೊಲಕ್ಕೆ ಜನ ಬರುವುದು ಇಷ್ಟವಿಲ್ಲ’ ಎಂದರೆ ಅದು ಆಕ್ಷೇಪಣೆ ಎನಿಸಿಕೊಳ್ಳುತ್ತಿರಲಿಲ್ಲ. ‘ಇದು ಬಯಲಲ್ಲ, ಉತ್ತು ಬಿತ್ತಿ ಸುಧಾರಿಸಿದ ಹುಲ್ಲುಗಾವಲು, ಸಾಕ್ಷಿ ಇಲ್ಲಿದೆ’ ಎಂದರೆ ಅಧಿಕಾರಿಗಳು ಮತ್ತೆ ಪರಿಶೀಲಿಸಬೇಕಿತ್ತು. ‘ನೀವು ಬಿಟ್ಟಿರುವ ಆ ಗುಡ್ಡವೂ ಬಯಲೇ’ ಎಂದು ನಡೆಯುವವರೂ ಬರೆದರು. ಅದಾದ ಮೇಲೆ ತಾತ್ಕಾಲಿಕ ನಕ್ಷೆ ಬಂತು. ಆ ಹಂತದಲ್ಲಿ ಭೂಮಿಯಲ್ಲಿ ಹಿತಾಸಕ್ತಿ ಇರುವವರಿಗೆ ಮಾತ್ರ ಮೇಲ್ಮನವಿಯ ಅವಕಾಶ. ಅದನ್ನು ಕೇಳಿ ತೀರ್ಪು ಬರೆಯಲು ಪ್ರತ್ಯೇಕ ಇನ್‌ಸ್ಪೆಕ್ಟರ್‌ಗಳಿದ್ದರು. ಕಡೆಗೆ ಅಂತಿಮ ನಕ್ಷೆ. 2004ರ ಸೆಪ್ಟೆಂಬರ್ 19ರಂದು ಮೊದಲೆರಡು ಭಾಗಗಳಲ್ಲಿ ಹಕ್ಕು ಜಾರಿಯಾಯಿತು. 2005ರ ಅಕ್ಟೋಬರ್ 31ರ ಹೊತ್ತಿಗೆ ಇಡೀ ಇಂಗ್ಲೆಂಡಿನಲ್ಲಿ ಸುಮಾರು 8.65 ಲಕ್ಷ ಹೆಕ್ಟೇರ್ ನಡೆಯುವವರಿಗೆ ತೆರೆಯಿತು.

ಹಕ್ಕಿನ ಜೊತೆಗೆ ಕಟ್ಟುಪಾಡೂ ಬಂತು. ಉತ್ತ ನೆಲ, ತೋಟ, ವಾಸದ ಮನೆಯಿಂದ 20 ಮೀಟರ್ ಒಳಗಿನ ಜಾಗ ಹೊರಗುಳಿದವು. ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳ ಸಲುವಾಗಿ ಮಾರ್ಚ್‌ನಿಂದ ಜುಲೈವರೆಗೆ ನಾಯಿಯನ್ನು ಗಿಡ್ಡ ಹಗ್ಗದಲ್ಲಿ ಹಿಡಿದೇ ನಡೆಯಬೇಕು. ಜೀವಿ ಸಂರಕ್ಷಣೆಗೆ ಅಗತ್ಯವಿದ್ದರೆ ಕೆಲವು ಕಾಲ ಪೂರ್ತಿ ಮುಚ್ಚಲೂಬಹುದು.

ಇಷ್ಟರಿಂದ ಎಲ್ಲರಿಗೂ ತೃಪ್ತಿಯಾಯಿತೆಂದಲ್ಲ. ಆದರೆ ಪ್ರಶ್ನೆ ಚಿಕ್ಕದಾಗಿತ್ತು, ಉತ್ತರವನ್ನು ಸ್ಥಳಕ್ಕೆ ಹೋಗಿ ಪರೀಕ್ಷಿಸಬಹುದಿತ್ತು, ತೀರ್ಪಿಗೆ ಕಾರಣ ಕೊಡಬೇಕಿತ್ತು. ಜನ ಬರೆದದ್ದರಿಂದ ಗೆರೆ ಕದಲಿದ್ದು ಈ ಮೂರರ ಬಲದಿಂದ.

ಆರು ಕರಡು, ಅದೇ ಗೆರೆ

ಈಗ ನಮ್ಮ ಘಟ್ಟಕ್ಕೆ ಬರೋಣ. ಮಾಧವ ಗಾಡ್ಗೀಳ್ ನೇತೃತ್ವದ ಸಮಿತಿ 2011ರಲ್ಲಿ ವರದಿ ಕೊಟ್ಟಿತು. ಪರಿಸರ ಸೂಕ್ಷ್ಮ ಪ್ರದೇಶದ ಗಡಿ, ಅಲ್ಲಿನ ಕಟ್ಟುಪಾಡು ಎರಡೂ ಗ್ರಾಮಸಭೆಯಿಂದ ಮೇಲಕ್ಕೆ ಚರ್ಚೆಯಾಗಿ ಬರಬೇಕೆಂಬುದು ಅದರ ಒತ್ತಾಯ. ಅದರ ಮೇಲೆ ನೇಮಕವಾದ ಕೆ. ಕಸ್ತೂರಿರಂಗನ್ ಸಮಿತಿ 2013ರಲ್ಲಿ ಬೇರೆ ದಾರಿ ಹಿಡಿಯಿತು. ಉಪಗ್ರಹದ ಚಿತ್ರ ನೋಡಿ, ಗ್ರಾಮವನ್ನು ಘಟಕವಾಗಿಟ್ಟುಕೊಂಡು, ಗ್ರಾಮದ ಶೇ 20 ಅಥವಾ ಅದಕ್ಕಿಂತ ಹೆಚ್ಚು ಭಾಗ ಸೂಕ್ಷ್ಮವಾಗಿದ್ದರೆ ಇಡೀ ಗ್ರಾಮವನ್ನು ಪಟ್ಟಿಗೆ ಸೇರಿಸಿತು. ಒಟ್ಟು 59,940 ಚದರ ಕಿ.ಮೀ.; ಅದರಲ್ಲಿ ಕರ್ನಾಟಕದ ಪಾಲು 20,668 ಚದರ ಕಿ.ಮೀ., 1,576 ಗ್ರಾಮಗಳು. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕಿನ ಊರುಗಳು ಆ ಪಟ್ಟಿಯಲ್ಲಿವೆ.

ಕೇಂದ್ರ ಸರ್ಕಾರ 2014ರ ಮಾರ್ಚ್‌ನಲ್ಲಿ ಮೊದಲ ಕರಡು ಅಧಿಸೂಚನೆ ಹೊರಡಿಸಿತು. ಪರಿಸರ ನಿಯಮಗಳ ಪ್ರಕಾರ ಆಕ್ಷೇಪಣೆಗೆ 60 ದಿನ. ಕರಡಿಗೆ ಆಯುಷ್ಯವೂ ಇದೆ. ಗಡುವಿನೊಳಗೆ ಅಂತಿಮವಾಗದಿದ್ದರೆ ಅದು ಬಿದ್ದುಹೋಗುತ್ತದೆ. ಹೀಗೆ ಬಿದ್ದು, ಮತ್ತೆ ಎದ್ದು 2015, 2017, 2018, 2022ರಲ್ಲಿ ಬಂತು. ಆರನೆಯದರ ತಾರೀಖು 2024ರ ಜುಲೈ 31. ವಯನಾಡಿನಲ್ಲಿ ಗುಡ್ಡ ಕುಸಿದು ಊರುಗಳೇ ಕೊಚ್ಚಿಹೋದ ಮರುದಿನ. ಎರಡು ತಿಂಗಳೂ ಕಳೆಯದೆ, ಸೆಪ್ಟೆಂಬರ್‌ನಲ್ಲಿ, ರಾಜ್ಯ ಸಚಿವ ಸಂಪುಟ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸುವ ತೀರ್ಮಾನ ಮಾಡಿತು.

ಈ ಹತ್ತು ವರ್ಷ ಮಲೆನಾಡು ಸುಮ್ಮನಿರಲಿಲ್ಲ. ಸಭೆ, ಬಂದ್, ಪಾದಯಾತ್ರೆ, ಪಂಚಾಯ್ತಿ ಠರಾವು ಎಲ್ಲ ಆದವು. ಬಹುಪಾಲು ಠರಾವುಗಳ ಸಾರ ಒಂದೇ: ‘ವರದಿ ನಮಗೆ ಬೇಡ.’ ಗಣಿ, ಕಲ್ಲುಕ್ವಾರಿ, ಮರಳುಗಾರಿಕೆ, ಉಷ್ಣ ವಿದ್ಯುತ್ ಸ್ಥಾವರ, ಕೆಂಪು ಪಟ್ಟಿಯ ಕಾರ್ಖಾನೆ, 20,000 ಚದರ ಮೀಟರ್‌ಗೆ ಮೇಲ್ಪಟ್ಟ ಕಟ್ಟಡ — ಕರಡು ನಿರ್ಬಂಧಿಸುವುದು ಮುಖ್ಯವಾಗಿ ಇವನ್ನು. ಸೊಪ್ಪು ತರುವುದನ್ನಾಗಲಿ, ಕಾಲುದಾರಿಯಲ್ಲಿ ನಡೆಯುವುದನ್ನಾಗಲಿ ಅದು ತಡೆಯುವುದಿಲ್ಲ. ಆದರೂ ಜನ ಹೆದರಿದರು, ಹೆದರಿಕೆಗೆ ಕಾರಣವೂ ಇತ್ತು. ‘ನೋಟಿಫಿಕೇಷನ್’ ಬಂದಾಗಲೆಲ್ಲ ಏನನ್ನೋ ಕಳೆದುಕೊಂಡ ನೆನಪು ಇಲ್ಲಿನ ಪ್ರತಿ ಮನೆಯಲ್ಲಿದೆ. 1964ರಲ್ಲಿ ಲಿಂಗನಮಕ್ಕಿ ಜಲಾಶಯ ತುಂಬಿದಾಗ ಊರುಗಳ ಜೊತೆ ದಾರಿಗಳೂ ಮುಳುಗಿದವು. ಕರೂರು–ಭಾರಂಗಿ ಸೀಮೆಯವರು ಸಾಗರಕ್ಕೆ ಬರಲು ಆರು ದಶಕ ಲಾಂಚು ಕಾದರು. ಸಿಗಂದೂರಿನ ಸೇತುವೆ ತೆರೆದದ್ದು 2025ರ ಜುಲೈನಲ್ಲಿ. 2019ರಲ್ಲಿ ಶರಾವತಿ ಕಣಿವೆಯ ಅಭಯಾರಣ್ಯವನ್ನು ಹಿಗ್ಗಿಸಿ 930 ಚದರ ಕಿ.ಮೀ.ಯ ಸಿಂಗಳೀಕ ಅಭಯಾರಣ್ಯ ಮಾಡಿದಾಗಲೂ ಊರಿನವರನ್ನು ಕೇಳದೆ ಗೆರೆ ಎಳೆದರೆಂಬ ದೂರು ಎದ್ದಿತು.

ಹೆದರಿಕೆ ನಿಜವಾದದ್ದೇ. ಆದರೆ ಉತ್ತರ ಕೊಟ್ಟ ರೀತಿಯಿಂದ ಏನಾಯಿತು ಎಂಬುದಕ್ಕೆ ಒಂದು ಲೆಕ್ಕ ಸಾಕು. ಕಸ್ತೂರಿರಂಗನ್ ಸಮಿತಿ ಗುರುತಿಸಿದ 59,940 ಚದರ ಕಿ.ಮೀ., ಕರಡಿಗೆ ಬರುವಾಗ 56,825 ಆಗಿತ್ತು. ಕಡಿಮೆಯಾದ 3,115 ಚದರ ಕಿ.ಮೀ. ಹೆಚ್ಚುಕಡಿಮೆ ಪೂರ್ತಿ ಕೇರಳದ್ದು. ಕೇರಳ ತನ್ನದೇ ಸಮಿತಿ ಮಾಡಿ, ಪಟ್ಟಿಯಲ್ಲಿದ್ದ 123 ಗ್ರಾಮಗಳಲ್ಲಿ ನೆಲ ಪರಿಶೀಲಿಸಿ, ಮನೆ–ತೋಟ ಯಾವುದು, ಕಾಡು ಯಾವುದು ಎಂದು ಬಿಡಿಸಿ ತೋರಿಸಿತು. ಅದರ ಗೆರೆ 13,108ರಿಂದ 9,993.7ಕ್ಕೆ ಇಳಿಯಿತು. ಕರ್ನಾಟಕದ 20,668 ಮೊದಲ ಕರಡಿನಲ್ಲಿ ಎಷ್ಟಿತ್ತೋ ಆರನೆಯದರಲ್ಲೂ ಅಷ್ಟೇ ಇತ್ತು. ಕೇರಳ ಮಾಡಿದ್ದೆಲ್ಲ ಸರಿಯೆಂದು ಪರಿಸರದವರು ಒಪ್ಪುವುದಿಲ್ಲ, ಅದು ಬೇರೆ ವಾದ. ಸರ್ವೆ ನಂಬರು ಹಿಡಿದು ಮಾತಾಡಿದವರ ಮಾತು ನಕ್ಷೆಗೆ ಇಳಿಯಿತು. ಒಟ್ಟಾರೆ ‘ಬೇಡ’ ಎಂದವರ ಮಾತು ಟಪಾಲಿನಲ್ಲಿ ಹೋಯಿತು, ಕಡತದಲ್ಲಿ ಕೂತಿತು.

ದಾರಿಗೆ ಕಾನೂನಿನಲ್ಲಿ ಜಾಗ ಎಲ್ಲಿ?

ಕಾಲುದಾರಿಯ ಪ್ರಶ್ನೆಗೆ ಈ ಪಾಠ ನೇರವಾಗಿ ಅನ್ವಯಿಸುತ್ತದೆ. ದಾರಿಗಳಿಗೆ ಕಾನೂನಿನ ಬೆಂಬಲ ಇಲ್ಲದಿಲ್ಲ, ಅದು ನಾಲ್ಕಾರು ಕಡೆ ಚದುರಿದೆ ಅಷ್ಟೆ.

ಕಂದಾಯ ಭೂಮಿಯಲ್ಲಿ ನಕಾಶೆಯೇ ಮೊದಲ ಆಧಾರ. 1964ರ ಭೂಕಂದಾಯ ಕಾಯ್ದೆಯ 67ನೇ ಕಲಂ ಪ್ರಕಾರ ಖಾಸಗಿಯಲ್ಲದ ರಸ್ತೆ, ಓಣಿ, ಕಾಲುದಾರಿಗಳೆಲ್ಲ ಸರ್ಕಾರದ ಸ್ವತ್ತು. ನಕಾಶೆಯಲ್ಲಿ ಕಂಡ ದಾರಿಯನ್ನು ಯಾರಾದರೂ ಮುಚ್ಚಿದರೆ ತಹಸೀಲ್ದಾರರಿಗೆ ಅರ್ಜಿ ಕೊಡಬಹುದು. ನಕಾಶೆಯಲ್ಲಿಲ್ಲದ ದಾರಿಗೆ ವಹಿವಾಟಿನ ಹಕ್ಕು ಆಧಾರ: ಖಾಸಗಿ ನೆಲದಲ್ಲಾದರೆ 20 ವರ್ಷ, ಸರ್ಕಾರಿ ನೆಲದಲ್ಲಾದರೆ 30 ವರ್ಷ ತಡೆಯಿಲ್ಲದೆ, ಬಹಿರಂಗವಾಗಿ, ಹಕ್ಕೆಂದೇ ನಡೆದಿದ್ದರೆ ಸಿವಿಲ್ ನ್ಯಾಯಾಲಯ ಅದನ್ನು ಎತ್ತಿಹಿಡಿಯಬಹುದು. ಆದರೆ ಒಂದು ಕಾಲುದಾರಿಗಾಗಿ ವರ್ಷಗಟ್ಟಲೆ ಕೋರ್ಟು ಅಲೆಯುವ ಶಕ್ತಿ ಹಾಲಿನ ಕ್ಯಾನು ಹೊತ್ತು ಹೋಗುವವರಿಗೆ ಎಲ್ಲಿಂದ ಬರಬೇಕು?

ಕಾಡಿನ ಗಡಿ ದಾಟಿದರೆ ಲೆಕ್ಕ ಬದಲಾಗುತ್ತದೆ. 1963ರ ಕರ್ನಾಟಕ ಅರಣ್ಯ ಕಾಯ್ದೆಯಲ್ಲಿ ಒಂದು ಜಾಗ ಮೀಸಲು ಅರಣ್ಯವಾಗಲು 4ನೇ ಕಲಂನ ಅಧಿಸೂಚನೆಯಿಂದ 17ನೇ ಕಲಂನ ಘೋಷಣೆವರೆಗೆ ಹಂತಗಳಿವೆ. ನಡುವೆ ಅರಣ್ಯ ವ್ಯವಸ್ಥಾಪನಾಧಿಕಾರಿ ಸುತ್ತಲಿನ ಊರುಗಳಲ್ಲಿ ಪ್ರಕಟಣೆ ಹೊರಡಿಸಿ ಹಕ್ಕಿನ ಅರ್ಜಿ ಕರೆಯಬೇಕು. ದಾರಿಯ ಹಕ್ಕು, ಮೇವಿನ ಹಕ್ಕು, ನೀರಿನ ಹಕ್ಕು ಎಲ್ಲವನ್ನೂ ಅಲ್ಲಿ ಹೇಳಿಕೊಳ್ಳಬಹುದು. ಗಡುವಿನಲ್ಲಿ ಹೇಳಿಕೊಳ್ಳದ ಹಕ್ಕು ನಂದಿಹೋಗುತ್ತದೆ. ಅಂದರೆ ಕರಡು ಮತ್ತು ಆಕ್ಷೇಪಣೆಯ ಕ್ರಮ ನಮ್ಮ ಅರಣ್ಯ ಕಾನೂನಿನಲ್ಲಿ ಇಂಗ್ಲೆಂಡಿನ ಆ 2000ನೇ ಇಸವಿಯ ಕಾಯ್ದೆಗಿಂತ ಹಳೆಯದು. ಗಡುವಿನೊಳಗೆ ಊರಿಗೆ ಸುದ್ದಿ ಮುಟ್ಟಬೇಕಲ್ಲ, ಎಡವಿದ್ದು ಅಲ್ಲಿ.

ಅಭಯಾರಣ್ಯದಲ್ಲಿ ಕಟ್ಟು ಇನ್ನೂ ಬಿಗಿ. 1972ರ ವನ್ಯಜೀವಿ ಕಾಯ್ದೆಯ 27ನೇ ಕಲಂ, ಒಳಗೆ ಹೋಗಬಹುದಾದವರ ಪಟ್ಟಿಯಲ್ಲಿ ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗುವವರನ್ನು ಹೆಸರಿಸುತ್ತದೆ. ಕಾಲುದಾರಿಯಲ್ಲಿ ಹಾದುಹೋಗುವವರ ಸುದ್ದಿಯೇ ಇಲ್ಲ. ಆಚೆ ಊರಿನ ನೆಂಟರ ಮನೆಗೆ ಬೈಕಿನಲ್ಲಿ ಮೂವತ್ತು ಮೈಲಿ ಸುತ್ತಿ ಹೋಗುವವನಿಗೆ ತಡೆಯಿಲ್ಲ, ಅಜ್ಜನ ಕಾಲದ ದಾರಿಯಲ್ಲಿ ಮೂರು ಮೈಲಿ ನಡೆದು ಹೋಗುವವನು ಕೈಕಟ್ಟಿ ನಿಲ್ಲಬೇಕು. ಇದಕ್ಕೂ ಒಂದು ಕಿಂಡಿ ಬಿಟ್ಟಿದ್ದಾರೆ: ಹಕ್ಕು ಇತ್ಯರ್ಥದ ಹಂತದಲ್ಲಿ ಮುಖ್ಯ ವನ್ಯಜೀವಿ ಪರಿಪಾಲಕರೊಂದಿಗೆ ಸಮಾಲೋಚಿಸಿ ಜಿಲ್ಲಾಧಿಕಾರಿ ಹಳೆಯ ಹಕ್ಕನ್ನು ಮುಂದುವರಿಸಬಹುದು. ಆ ಹಂತದಲ್ಲಿ ಯಾರಾದರೂ ಕೇಳಿದ್ದರೆ.

ಎರಡು ಬಗೆಯ ನಡಿಗೆ

ದಾರಿಗಳನ್ನೆಲ್ಲ ನಕ್ಷೆಗೆ ಹಾಕಿದರೆ ಬೆಂಗಳೂರಿನ ಚಾರಣಿಗರಿಗೆ ಬಾಗಿಲು ತೆರೆದಂತಾಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಮಾತೇ. ಹೊಸನಗರ ತಾಲ್ಲೂಕಿನ ಕೊಡಚಾದ್ರಿಗೆ ವಾರಾಂತ್ಯದಲ್ಲಿ ಬರುವ ಜೀಪುಗಳು, ಕಟ್ಟಿನಹೊಳೆ ಕಡೆಯಿಂದ ಹತ್ತುವ ಗುಂಪುಗಳು, ಅವು ಬಿಟ್ಟುಹೋಗುವ ಬಾಟಲಿ, ಪ್ಲಾಸ್ಟಿಕ್ಕು ಎಲ್ಲರ ಕಣ್ಣಿಗೂ ಬಿದ್ದಿವೆ. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರಪರ್ವತಕ್ಕೆ ಜನಸಾಗರ ನುಗ್ಗಿದ ಮೇಲೆ ಅರಣ್ಯ ಇಲಾಖೆ ಚಾರಣಕ್ಕೆ ತಡೆಹಾಕಿ, ಆನ್‌ಲೈನ್ ಟಿಕೆಟ್ಟಿನ ವ್ಯವಸ್ಥೆ ತಂದಿತು. ಅದು ಬೇಕಾದದ್ದೇ.

ಆದರೆ ಟಿಕೆಟ್ಟು ತೆಗೆದುಕೊಂಡು ಹತ್ತುವ ನಡಿಗೆ ಬೇರೆ, ಬದುಕಿಗಾಗಿ ನಡೆಯುವ ನಡಿಗೆ ಬೇರೆ. ಹಸಲರು, ಗೌಡ್ಲು ಸಮುದಾಯದವರು ಉಪ್ಪಾಗೆ, ಸೀಗೆ, ವಾಟೆಹುಳಿ ಆರಿಸಲು ಕಾಡಿಗೆ ಹೋಗುವುದು, ಅಡಿಕೆ ಬೆಳೆಗಾರರು ಸೊಪ್ಪಿನಬೆಟ್ಟಕ್ಕೆ ಹೋಗುವುದು, ಮಕ್ಕಳು ಶಾಲೆಗೆ ಹೋಗುವುದು ಎರಡನೆಯ ಬಗೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಓದಿದವರಿಗೆ ತೀರ್ಥಹಳ್ಳಿ ಸೀಮೆಯ ಆ ಬದುಕು ಎಷ್ಟು ಕಾಲ್ನಡಿಗೆಯದಾಗಿತ್ತು ಎಂದು ಬೇರೆ ಹೇಳಬೇಕಿಲ್ಲ. ನಕ್ಷೆ ಸ್ಪಷ್ಟವಾಗಿದ್ದಷ್ಟೂ ಈ ಎರಡನ್ನು ಬೇರ್ಪಡಿಸುವುದು ಸುಲಭ. ಈ ದಾರಿ ಊರಿನವರಿಗೆ ವರ್ಷಪೂರ್ತಿ, ಈ ದಾರಿ ಹೊರಗಿನವರಿಗೆ ಮಳೆಗಾಲ ಬಿಟ್ಟು, ಈ ದೇವರಕಾಡಿಗೆ ಯಾರಿಗೂ ಇಲ್ಲ ಎಂದು ಬರೆಯಬಹುದು. ಇಂಗ್ಲೆಂಡಿನ 20 ಮೀಟರ್ ನಿಯಮ ನಮಗೆ ಹೊಂದುವುದಿಲ್ಲ. ಅಂಗಳ ದಾಟದೆ ಹೋಗುವ ಕಾಲುದಾರಿ ಮಲೆನಾಡಿನಲ್ಲಿ ಸಿಗುವುದೇ ಕಷ್ಟ. ನಮ್ಮ ನಿಯಮ ನಾವೇ ಬರೆದುಕೊಳ್ಳಬೇಕು.

ಬರೆದವರೂ ನಮ್ಮಲ್ಲಿದ್ದಾರೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರ ಜೊತೆಗೂಡಿ ಕಾಡೆಲ್ಲ ನಡೆದು ತಮ್ಮ ಪೂಜಾಸ್ಥಳಗಳ ನಕ್ಷೆ ಮಾಡಿದರು. ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂಬ ಐದು ಬಗೆಯ ನೂರಾರು ತಾಣಗಳು, ಯಾವ ಕುಲದ ಎಲ್ಲೆ ಎಲ್ಲಿಯವರೆಗೆ ಎಂಬ ಗುರುತು ಆ ನಕ್ಷೆಯಲ್ಲಿ ಬಂದವು. 2011ರಲ್ಲಿ ಅಲ್ಲಿನ ಗ್ರಾಮಸಭೆಗಳಿಗೆ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯ ಹಕ್ಕುಪತ್ರ ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು. ಆ ಕಾಯ್ದೆಯ ನಿಯಮಗಳಲ್ಲಿ ನಮಗೆ ಮುಖ್ಯವಾದ ಒಂದು ಮಾತಿದೆ: ಅರ್ಜಿದಾರರಲ್ಲದ ಹಿರಿಯರ ಹೇಳಿಕೆಯನ್ನು ಬರಹಕ್ಕಿಳಿಸಿದರೆ ಅದೂ ಪುರಾವೆ. ಮಲೆನಾಡಿನಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರದವರು ಮೂರು ತಲೆಮಾರು, ಅಂದರೆ 75 ವರ್ಷದ ನೆಲೆ ತೋರಿಸಬೇಕಾದ್ದರಿಂದ ಈ ಕಾಯ್ದೆ ಬಹಳ ಮಂದಿಗೆ ಕೈಗೆಟುಕಿಲ್ಲ. ಹಾಗೆಂದು ನಕ್ಷೆ ಮಾಡುವ ಅದರ ಕ್ರಮವನ್ನು ಕಲಿಯಲು ಯಾರ ಅಡ್ಡಿಯೂ ಇಲ್ಲ.

ಮುಂದಿನ ಕರಡಿಗೆ ಮೊದಲು

ಇನ್ನೊಂದು ಕರಡು ಬರುವುದನ್ನು ಕಾಯುವ ಬದಲು ಊರು ಈಗಲೇ ಮಾಡಬಹುದಾದದ್ದು ಹೆಚ್ಚೇನಲ್ಲ. ಕಂದಾಯ ಇಲಾಖೆಯ ಗ್ರಾಮ ನಕಾಶೆಗಳು ಆನ್‌ಲೈನಿನಲ್ಲಿ ಸಿಗುತ್ತವೆ. ‘ದಿಶಾಂಕ್’ ಆ್ಯಪ್ ತೆರೆದು ದಾರಿಯಲ್ಲಿ ನಡೆದರೆ ನಿಂತ ಜಾಗದ ಸರ್ವೆ ನಂಬರು ಮೊಬೈಲಿನಲ್ಲಿ ಕಾಣುತ್ತದೆ. ಪ್ರತಿ ದಾರಿಗೂ ಒಂದು ಹಾಳೆ ಸಾಕು: ಎಲ್ಲಿಂದ ಎಲ್ಲಿಗೆ, ಯಾವ ಯಾವ ಸರ್ವೆ ನಂಬರು ಹಾದು, ಯಾರು ಬಳಸುತ್ತಾರೆ, ಯಾವುದಕ್ಕೆ, ಎಂದಿನಿಂದ, ನಕಾಶೆಯಲ್ಲಿ ಇದೆಯೋ ಇಲ್ಲವೋ, ಸಂಕ ಎಲ್ಲಿದೆ, ದಣಪೆ ಎಲ್ಲಿದೆ, ಇಬ್ಬರು ಹಿರಿಯರ ಹೇಳಿಕೆ. ಗ್ರಾಮಸಭೆಯಲ್ಲಿ ಅದನ್ನು ಓದಿ, ತೋಟದವರ ತಕರಾರಿದ್ದರೆ ಅದನ್ನೂ ಅದೇ ಹಾಳೆಯಲ್ಲಿ ಬರೆದು, ನಡಾವಳಿ ಪುಸ್ತಕಕ್ಕೆ ಏರಿಸಬೇಕು. ಅಂಥ ಪಟ್ಟಿಯಿಂದ ಆ ಕ್ಷಣಕ್ಕೆ ಹಕ್ಕು ಹುಟ್ಟುವುದಿಲ್ಲ. ಆದರೆ ನಾಳೆ ತಹಸೀಲ್ದಾರರ ಮುಂದೆ, ಅರಣ್ಯ ವ್ಯವಸ್ಥಾಪನಾಧಿಕಾರಿಯ ಮುಂದೆ, ಏಳನೇ ಕರಡಿನ 60 ದಿನದೊಳಗೆ, ಇಡಲು ಕೈಯಲ್ಲಿ ಕಾಗದವಿರುತ್ತದೆ.

ಸರ್ಕಾರದ ಕಡೆಯಿಂದಲೂ ಬರಬೇಕಾದದ್ದಿದೆ. ಗೆಜೆಟ್ಟಿನ ಇಂಗ್ಲಿಷ್ ಪಟ್ಟಿಯನ್ನು ವೆಬ್‌ಸೈಟಿಗೆ ಹಾಕಿದರೆ ಪ್ರಕಟಣೆ ಮುಗಿಯಿತು ಎಂಬ ಧೋರಣೆ ಬಿಡಬೇಕು. ಪಂಚಾಯ್ತಿ ಕಟ್ಟೆಯಲ್ಲಿ ಗ್ರಾಮದ ದೊಡ್ಡ ನಕ್ಷೆ ಕನ್ನಡದಲ್ಲಿ ತೂಗುಹಾಕಿ, ‘ಈ ಗೆರೆ ಸರಿಯೇ?’ ಎಂದು ಕೇಳಬೇಕು. ಬಂದ ಪ್ರತಿ ಉತ್ತರಕ್ಕೂ ಒಪ್ಪಿದ್ದೇಕೆ, ಬಿಟ್ಟದ್ದೇಕೆ ಎಂದು ಒಂದು ಸಾಲಾದರೂ ಬರೆಯಬೇಕು. ಬೇಕೋ ಬೇಡವೋ ಎಂದಷ್ಟೇ ಕೇಳಿದರೆ ಬೇಡ ಎಂಬುದೇ ಉತ್ತರ; ಅದರಲ್ಲಿ ಕಾಡೂ ಉಳಿಯುವುದಿಲ್ಲ, ದಾರಿಯೂ ಉಳಿಯುವುದಿಲ್ಲ.

1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರು ನೇಗಿಲು ಹಿಡಿದು ಗದ್ದೆಗಿಳಿದಾಗ ಅವರ ಜಗಳ ನಿಂತಿದ್ದು ಗೇಣಿ ಅಳೆಯುವ ಕೊಳಗದ ಗಾತ್ರದ ಮೇಲೆ. ಅಳತೆ ಹಿಡಿದು ಕೇಳಿದ್ದರಿಂದಲೇ ಆ ಹೋರಾಟಕ್ಕೆ ಉತ್ತರ ಕೊಡದೆ ಜಾರಿಕೊಳ್ಳುವುದು ಕಷ್ಟವಾಯಿತು. ಕಾಲುದಾರಿಯ ಮಾತನ್ನೂ ಈ ಸೀಮೆ ಅದೇ ಖಚಿತತೆಯಿಂದ, ಸರ್ವೆ ನಂಬರು ಹಿಡಿದು, ಆಡಬಲ್ಲದು.